ಹೃದಯದ ಕಥೆಯಲ್ಲಿ ಮರೆತ ಶ್ವಾಸಕೋಶ

ಬೈಪಾಸ್ ಆದ ಮರುದಿನ ಅಪ್ಪನ ಕೈಗೆ ಮೂರು ಚೆಂಡುಗಳಿದ್ದ ಪ್ಲಾಸ್ಟಿಕ್ ಸಾಧನ ಕೊಟ್ಟು, ಉಸಿರೆಳೆದು ಚೆಂಡು ಏರಿಸಬೇಕೆಂದು ನರ್ಸ್ ಹೇಳಿದರು. "ಆಪರೇಷನ್ ಆಗಿದ್ದು ಹಾರ್ಟಿಗೆ, ಇದೆಂಥ ಆಟ?" ಎಂದು ಅಪ್ಪ ರೇಗಿದರು. ವಿಜ್ಞಾನದ ಚರಿತ್ರೆ ಓದುತ್ತಿದ್ದ ನನ್ನ ಬಳಿಯೂ ಉತ್ತರವಿರಲಿಲ್ಲ.

ಈ ಚರಿತ್ರೆ ಬರೆಯುವವರು ಸಾಮಾನ್ಯವಾಗಿ 1953ರ ಮೇ 6ರಿಂದ ಹೊರಡುತ್ತಾರೆ. ಅಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹದಿನೆಂಟರ ಹುಡುಗಿಯೊಬ್ಬಳ ಹೃದಯದ ರಂಧ್ರ ಮುಚ್ಚಿದರು. 26 ನಿಮಿಷ ಅವಳ ಹೃದಯ, ಶ್ವಾಸಕೋಶಗಳೆರಡರ ಕೆಲಸವನ್ನೂ ಯಂತ್ರವೇ ಮಾಡಿತು. ಅಲ್ಲಿಂದ ಮುಂದೆ ಕಥೆಯೆಲ್ಲ ಹೃದಯದ್ದೇ. ಆದರೆ ಗಿಬ್ಬನ್ ಹೊರಟದ್ದು ಶ್ವಾಸಕೋಶದಿಂದ. 1930ರ ದಶಕದ ಆರಂಭದಲ್ಲಿ ಬಾಸ್ಟನ್ನಿನಲ್ಲಿ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡ ಮಹಿಳೆಯೊಬ್ಬರ ಪಕ್ಕದಲ್ಲಿ ಅವರು ರಾತ್ರಿಯಿಡೀ ಕಾದಿದ್ದರು. ಆಕೆ ಉಳಿಯಲಿಲ್ಲ. ಯಂತ್ರದ ಕನಸು ಹುಟ್ಟಿದ್ದು ಆ ರಾತ್ರಿ. ಮುಂದೆ ಬೆಕ್ಕುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದಾಗ ಪತ್ನಿ ಮೇರಿ ಜೊತೆಗಿದ್ದರು. ಅವರ ಹೆಸರನ್ನೂ ನಾವು ಬೇಗ ಮರೆಯುತ್ತೇವೆ.

ಯಂತ್ರ ಓಡುವಾಗ ಶ್ವಾಸಕೋಶಕ್ಕೆ ರಜೆ ಸಿಕ್ಕಂತೆ ಕಾಣುತ್ತದೆ. ನಿಜದಲ್ಲಿ ಅದಕ್ಕೆ ಬರುವ ರಕ್ತ ಬಹುಪಾಲು ನಿಂತು, ಗಾಳಿಚೀಲಗಳು ಕುಸಿಯುತ್ತವೆ. ಆ ಚೀಲಗಳೊಳಗೆ ಮ್ಯಾಕ್ರೋಫೇಜ್ ಎಂಬ ಕಣಗಳಿವೆ. ಉಸಿರಿನೊಂದಿಗೆ ಬಂದ ಧೂಳು, ಬ್ಯಾಕ್ಟೀರಿಯಾಗಳನ್ನು ನುಂಗುವುದೇ ಅವುಗಳ ಕಸುಬು. ಕಣಗಳು ಹೀಗೆ ನುಂಗಿ ದೇಹವನ್ನು ಕಾಯುತ್ತವೆ ಎಂಬ ಹೊಳಹು ಮೆಚ್ನಿಕಾಫ್‌ಗೆ ದಕ್ಕಿದ್ದು 1882ರಲ್ಲಿ, ಮೆಸ್ಸಿನಾದಲ್ಲಿ, ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ನೋಡಿದಾಗ.

ಪ್ಲಾಸ್ಟಿಕ್ ಕೊಳವೆಗಳನ್ನು ಮುಟ್ಟಿದ ರಕ್ತ ಸುಮ್ಮನಿರುವುದಿಲ್ಲ. ಯಂತ್ರಕ್ಕೆ ಹೋದ ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ರಕ್ಷಣಾ ಪ್ರೋಟೀನುಗಳು ಕೆರಳುತ್ತವೆಂದು 1981ರಲ್ಲಿ ಅಳೆದು ತೋರಿಸಿದರು. ಕೆರಳಿದ ಬಿಳಿ ರಕ್ತಕಣಗಳು ಬಂದು ಸಿಕ್ಕಿಕೊಳ್ಳುವುದು ಶ್ವಾಸಕೋಶದ ಸಣ್ಣ ನಾಳಗಳಲ್ಲೇ. ಒಳಗಿನ ಮ್ಯಾಕ್ರೋಫೇಜ್‌ಗಳೂ ಉರಿಯೂತದ ಸಂಕೇತಗಳನ್ನು ಕಳಿಸಿ ಇನ್ನಷ್ಟು ಕಣಗಳನ್ನು ಕರೆಯುತ್ತವೆ. ವಿಚಿತ್ರವೆಂದರೆ, ಇಷ್ಟು ಕೂಗೆಬ್ಬಿಸುವ ಇವುಗಳ ನುಂಗುವ ಶಕ್ತಿ ಅದೇ ಹೊತ್ತಿಗೆ ಕುಗ್ಗಬಹುದು. ಕಳ್ಳ ಬಂದನೆಂದು ಊರೆಲ್ಲ ಎಬ್ಬಿಸಿ, ಕೋಲು ಎತ್ತಲಾರದ ಕಾವಲುಗಾರನಂತೆ. ನ್ಯುಮೋನಿಯಾ ನುಸುಳುವುದಕ್ಕೆ ಇದೊಂದು ದಾರಿ.

ತಪ್ಪೆಲ್ಲ ಯಂತ್ರದ್ದೇ ಎನ್ನಲು ನಾನೂ ಅವಸರಪಟ್ಟಿದ್ದೆ. ಆದರೆ ಯಂತ್ರವಿಲ್ಲದೆ, ಮಿಡಿಯುವ ಹೃದಯದ ಮೇಲೇ ಶಸ್ತ್ರಚಿಕಿತ್ಸೆ ಮಾಡಿದಾಗಲೂ ಶ್ವಾಸಕೋಶ ಸೊರಗುತ್ತದೆ. ಅರಿವಳಿಕೆ, ಎದೆ ಸೀಳಿದ ನೋವು, ನೋವಿಗೆ ಹೆದರಿ ಅರ್ಧಕ್ಕೇ ನಿಲ್ಲಿಸುವ ಉಸಿರು, ಎಲ್ಲದಕ್ಕೂ ಪಾಲಿದೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದಾಗ ಅವರು ಮನೆಗೆ ಬಂದು ತಿಂಗಳಾಗಿತ್ತು. ಮೂರನೆಯ ಚೆಂಡು ಆಸ್ಪತ್ರೆಯಲ್ಲೇ, ಐದನೆಯ ದಿನ, ಏರಿತ್ತು.