ಐವರ್ನಾಡಿನ ಅರ್ಕಾವೊತ್ತು: ಗಣಕದಲ್ಲಿ ಕನ್ನಡ ಅಕ್ಷರ ನಡೆದು ಬಂದ ದಾರಿ

ಕೆಲವು ವರ್ಷಗಳ ಹಿಂದೆ ಸುಳ್ಯ ತಾಲೂಕಿನ ಐವರ್ನಾಡಿನ ಪರಿಚಿತರೊಬ್ಬರು ಒಂದು ಸಿ.ಡಿ. ಹಿಡಿದುಕೊಂಡು ಬಂದರು. ತೀರಿಕೊಳ್ಳುವ ಮುನ್ನ ಅವರ ತಂದೆ ಹೇಳಿ ಬರೆಸಿದ ನೆನಪುಗಳು ಅದರಲ್ಲಿದ್ದವು. ಅಡಿಕೆ ಹೊತ್ತು ಪೇಟೆಗೆ ನಡೆದ ದಿನಗಳು, ಅಕ್ಷರ ಕಲಿತ ಬಗೆ, ಮನೆತನದ ಹಿರಿಯರ ಹೆಸರುಗಳು. 2001ರ ಸುಮಾರಿಗೆ ಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಟೈಪ್ ಮಾಡಿಸಿದ್ದು. ಮುದ್ರಿತ ಪ್ರತಿಯನ್ನು ಗೆದ್ದಲು ತಿಂದಿತ್ತು. ಗಣಕದಲ್ಲಿ ಕಡತ ತೆರೆದಾಗ ಕಂಡದ್ದು ಒಂದೂ ಕನ್ನಡ ಅಕ್ಷರವಿಲ್ಲದ, ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತ ಸಾಲುಗಳು.

"ಉಪ್ಪ ಹೇಳಿದ್ದೆಲ್ಲ ಇದರ ಒಳಗೆ ಉಂಟು, ಆದರೆ ಓದಲಿಕ್ಕೆ ಆಗುವುದಿಲ್ಲ" ಎಂದರು ಅವರು.

ಇದು ಅವರೊಬ್ಬರ ಸಂಕಟವಲ್ಲ. 1990ರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಕನ್ನಡದಲ್ಲಿ ಟೈಪ್ ಆದ ಅಸಂಖ್ಯ ಬರಹಗಳ ಗತಿ ಇದೇ. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಚ್ಚುಮೊಳೆಯಿಂದ ಗಣಕಕ್ಕೆ

ಕನ್ನಡ ಅಕ್ಷರವನ್ನು ಯಂತ್ರಕ್ಕೆ ಒಗ್ಗಿಸುವ ಕೆಲಸದಲ್ಲಿ ಕರಾವಳಿಯ ಪಾಲು ದೊಡ್ಡದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಮುದ್ರಣಾಲಯ ಆರಂಭವಾದದ್ದು 1841ರಲ್ಲಿ. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತ್ತು. ಮೊಳೆ ಜೋಡಿಸಿ ಮುದ್ರಿಸುವುದು ಬಂದಾಗ ಹೊಸ ತೊಡಕು ಎದುರಾಯಿತು. ಇಂಗ್ಲಿಷಿಗೆ ಬೇಕಾದ ಮೊಳೆಗಳು ಕೆಲವೇ. ಕನ್ನಡಕ್ಕೋ ಕಾಗುಣಿತ ಬೇಕು, ಕೆಳಗೆ ಒತ್ತು ಬೇಕು, ಪಕ್ಕದಲ್ಲಿ ಅರ್ಕಾವೊತ್ತು ಬೇಕು. ಮೊಳೆ ಜೋಡಿಸುವವನ ಮುಂದೆ ನೂರಾರು ಗೂಡುಗಳು. ಇದೇ ತೊಡಕು ಒಂದೂವರೆ ಶತಮಾನದ ಬಳಿಕ ಗಣಕದಲ್ಲಿ ಮತ್ತೆ ಎದ್ದು ನಿಂತಿತು.

ಅದನ್ನು ಬಿಡಿಸಿದವರಲ್ಲಿ ಮುಖ್ಯರು ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್. ಅವರ ದಾರಿ ಸರಳವಾಗಿತ್ತು. ಎಲ್ಲ ಕಾಗುಣಿತಕ್ಕೂ ಬೇರೆ ಬೇರೆ ಕೀಲಿ ಬೇಡ. ವ್ಯಂಜನ ಒತ್ತಿ ಸ್ವರ ಒತ್ತಿದರೆ ಗುಣಿತಾಕ್ಷರ ಮೂಡಲಿ. ಅಂದರೆ ಮನುಷ್ಯ ಉಚ್ಚರಿಸುವ ಕ್ರಮದಲ್ಲೇ ಟೈಪ್ ಮಾಡಲಿ, ಆಕಾರ ಜೋಡಿಸುವ ಕೆಲಸ ಯಂತ್ರಕ್ಕಿರಲಿ. ತಮ್ಮ ತಂತ್ರಾಂಶಕ್ಕೆ ಅವರು ನಮ್ಮ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ಅದನ್ನು ಉಚಿತವಾಗಿ ಹಂಚಿದರು. ಮುಂದೆ ಸರಕಾರ ಒಪ್ಪಿದ 'ನುಡಿ'ಯ ಕೀಲಿಮಣೆಗೆ ಅವರ ವಿನ್ಯಾಸವೇ ಆಧಾರವಾಯಿತು.

ಇನ್ನೂರ ಐವತ್ತಾರು ಗೂಡುಗಳು

ಕೀಲಿಮಣೆಯೇನೋ ಸಿದ್ಧವಾಯಿತು. ಆದರೆ ಫಾಂಟಿನೊಳಗಿನ ಕಥೆ ಬೇರೆ. ಆ ಕಾಲದ ಒಂದು ಫಾಂಟಿನಲ್ಲಿ ಇದ್ದ ಗೂಡುಗಳು ಹೆಚ್ಚೆಂದರೆ 256. ಮೂವತ್ತನಾಲ್ಕು ವ್ಯಂಜನಗಳಿಗೆ ಸ್ವರ ಸೇರಿಸಿದರೆ, ಒತ್ತಕ್ಷರ ಬಿಟ್ಟೇ, ನಾನೂರಕ್ಕೂ ಮಿಕ್ಕ ರೂಪಗಳಾಗುತ್ತವೆ. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಒಂದು ಗೂಡಿನಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಇಂಗ್ಲಿಷಿನ ಅಕ್ಷರಗಳಿಗೆ ಮೀಸಲಾಗಿದ್ದ ಗೂಡುಗಳಲ್ಲೇ ಕನ್ನಡದ ತುಂಡುಗಳನ್ನು ಇಟ್ಟರು. ಗಣಕದ ಪಾಲಿಗೆ ಅದು ಇಂಗ್ಲಿಷೇ. ನೋಡುವ ಕಣ್ಣಿಗೆ ಮಾತ್ರ ಕನ್ನಡ.

ಯಾವ ತುಂಡು ಯಾವ ಗೂಡಿನಲ್ಲಿ ಎಂಬುದಕ್ಕೆ ಒಮ್ಮತವಿರಲಿಲ್ಲ. ಶ್ರೀಲಿಪಿಯದು ಒಂದು ಹಂಚಿಕೆ, ಆಕೃತಿಯದು ಇನ್ನೊಂದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯದು. ಶೇಷಾದ್ರಿವಾಸು 1998ರಲ್ಲಿ 'ಬರಹ'ವನ್ನು ಉಚಿತವಾಗಿ ಕೊಟ್ಟಾಗ, 2000ದ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ಮನೆಮನೆಯಲ್ಲೂ ಕನ್ನಡ ಟೈಪ್ ಮಾಡುವುದು ಸಾಧ್ಯವಾಯಿತು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಫಾಂಟ್ಸ್ ಫೋಲ್ಡರಿನಲ್ಲಿ ಹೊಸ ಫಾಂಟ್ ಅಳವಡಿಸುವುದನ್ನು ನಮ್ಮಲ್ಲಿ ಅನೇಕರು ಕಲಿತದ್ದು ಆಗಲೇ. ಕಡತ ಕಳುಹಿಸುವಾಗ ಜೊತೆಗೆ ಫಾಂಟನ್ನೂ ಫ್ಲಾಪಿಯಲ್ಲಿ ಹಾಕಿ ಕೊಡುವುದು ರೂಢಿಯಾಯಿತು. ಫಾಂಟ್ ಮರೆತರೆ ಕಡತ ವ್ಯರ್ಥ.

ಒಂದೇ ಚೌಕದೊಳಗೆ ಅರಬಿಯೂ ಕನ್ನಡವೂ

ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್. ಲೋಕದ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗ ಸಿಕ್ಕಿತು. ಆದರೆ ಜಾಗ ಸಿಕ್ಕಿದರೆ ಸಾಲದು, ಅಕ್ಷರ ಪರದೆಯ ಮೇಲೆ ಮೂಡಬೇಕು. ವಿಂಡೋಸ್ ಗಣಕಗಳಲ್ಲಿ ಅದು ಆದದ್ದು 2001ರ ಎಕ್ಸ್‌ಪಿಯಲ್ಲಿ, 'ತುಂಗಾ' ಫಾಂಟಿನ ಮೂಲಕ. ಆಗಲೂ ಭಾಷೆಯ ಸೆಟ್ಟಿಂಗ್‌ಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ. ತೂರಿಸಬೇಕಿತ್ತು. ಸಂಕೀರ್ಣ ಲಿಪಿಗಳಿಗೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೂ ಆ ಚೌಕ ಒಂದೇ. ಅರಬಿ ಓದಲು ಬಯಸಿದವನಿಗೆ ಕನ್ನಡವೂ, ಕನ್ನಡ ಬಯಸಿದವನಿಗೆ ಅರಬಿಯೂ ಒಟ್ಟಿಗೇ ಸಿಗುತ್ತಿತ್ತು! ಅದಕ್ಕೆ ಮೊದಲು ಕನ್ನಡ ಲೇಖನದ ನಡುವೆ ಒಂದು ಆಯತ್ತನ್ನು ಹಾಕಬೇಕಾದರೆ ಚಿತ್ರವಾಗಿ ಅಂಟಿಸಬೇಕಿತ್ತು ಎಂಬುದನ್ನು ಆ ಕಾಲದಲ್ಲಿ ಪುಟ ಕಟ್ಟಿದವರು ಬಲ್ಲರು.

ಇನ್ನೊಂದು ಸ್ವಾರಸ್ಯವುಂಟು. ಕನ್ನಡದ ಜ ಮತ್ತು ಫ ಅಕ್ಷರಗಳು ಅರಬಿ ಮೂಲದ ಹೆಸರುಗಳ ಉಚ್ಚಾರವನ್ನು ಪೂರ್ತಿ ಹಿಡಿಯುವುದಿಲ್ಲ. ಕೆಳಗೆ ಚುಕ್ಕಿಗಳನ್ನಿಟ್ಟು ಜ಼, ಫ಼ ಎಂದು ಬರೆಯಲು ಬೇಕಾದ ನುಕ್ತಾ ಯುನಿಕೋಡಿನ ಕನ್ನಡ ಭಾಗಕ್ಕೆ ಸೇರಿದ್ದು 2003ರಲ್ಲಿ. ಆರಂಭದ ಅರಬಿ ಬರವಣಿಗೆಯಲ್ಲಿ ಚುಕ್ಕಿಗಳು ವಿರಳವಾಗಿದ್ದವು. ಕುರ್‌ಆನನ್ನು ತಪ್ಪಿಲ್ಲದೆ ಓದಲೆಂದು ಸ್ವರಗಳಿಗೆ ಚುಕ್ಕಿಯಿಡುವ ಪದ್ಧತಿ ತಂದ ಕೀರ್ತಿ ಅಬುಲ್ ಅಸ್ವದ್ ಅದ್ದುಅಲಿಯವರಿಗೆ ಸಲ್ಲುತ್ತದೆ ಎಂಬುದು ಪರಂಪರೆಯ ಮಾತು. ಒಂದು ಚುಕ್ಕಿಯ ಬೆಲೆ ನಮಗೆ ಹೊಸತಲ್ಲ.

ತಪ್ಪುಗಳೂ ಆದವು. ಹಳಗನ್ನಡದ ೞ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ಕೊಟ್ಟ ಹೆಸರು 'ಫಾ'! ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಆ ತಪ್ಪು ಹಾಗೆಯೇ ಉಳಿದಿದೆ.

ಊರಿನ ಹೆಸರೇ ಪರೀಕ್ಷೆ

ಮತ್ತೆ ಸಿ.ಡಿ.ಗೆ ಬರೋಣ. ಕಡತದಲ್ಲಿ ಫಾಂಟಿನ ಹೆಸರು ಮಾತ್ರ ಉಳಿದಿತ್ತು. ಟೈಪ್ ಮಾಡಿದ ಅಂಗಡಿ ಮುಚ್ಚಿತ್ತು. ಹಳೆಯ ಗಣಕವೊಂದರಲ್ಲಿ ಅದೇ ಹೆಸರಿನ ಫಾಂಟ್ ಸಿಕ್ಕಿತು. ಅದನ್ನು ನಕಲು ಮಾಡಿ ತಂದು ಅಳವಡಿಸಿ ಕಡತ ತೆರೆದಾಗ ಪರದೆ ತುಂಬ ಕನ್ನಡ. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಮೊಬೈಲಿನಲ್ಲಿ ಓದಲು, ಮೊಮ್ಮಕ್ಕಳಿಗೆ ಕಳುಹಿಸಲು ಯುನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕ ತಂತ್ರಾಂಶ ಓಡಿಸಿದಾಗ ಮುಗ್ಗರಿಸಿದ್ದು ಎಲ್ಲಿ ಗೊತ್ತೇ? ಊರಿನ ಹೆಸರಿನಲ್ಲಿ!

ಯುನಿಕೋಡಿನಲ್ಲಿ 'ಐವರ್ನಾಡು' ಎಂದರೆ ಎಂಟು ಸಂಕೇತಗಳು: ಐ, ವ, ರ, ವಿರಾಮ, ನ, ದೀರ್ಘ, ಡ, ಕೊಂಬು. ನುಡಿಯುವಾಗ ರಕಾರ ಮೊದಲು, ನಾ ಅನಂತರ. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮ: ನಾ ಮೊದಲು, ಅರ್ಕಾವೊತ್ತು ಅನಂತರ. ಪರಿವರ್ತಕ ಅದನ್ನು ಹಿಂದಕ್ಕೆ ಒಯ್ದು ಸರಿಯಾದ ಜಾಗದಲ್ಲಿ ಇಡಬೇಕು. ಸಾಲದ್ದಕ್ಕೆ ಕೆಲವು ಕಡೆ ಅರ್ಕಾವೊತ್ತಿನ ಬದಲು ಅದರಂತೆಯೇ ಕಾಣುವ ಒಂಬತ್ತು ಅಂಕಿ ಟೈಪ್ ಆಗಿತ್ತು. ಕಣ್ಣಿಗೆ 'ಐವನಾ೯ಡು' ಸರಿಯೇ. ಗಣಕಕ್ಕೆ ಅದು ಊರೇ ಅಲ್ಲ, ಹುಡುಕಿದರೆ ಸಿಗದು. ಹೆಸರುಗಳ ಪಟ್ಟಿಯಲ್ಲಿ ಹೀಗಾದರೆ ಒಬ್ಬ ಮನುಷ್ಯ ಇದ್ದೂ ಇಲ್ಲದವನಾಗುತ್ತಾನೆ. ಕೊನೆಗೆ ಪುಟಪುಟವನ್ನೂ ಕಣ್ಣಿಟ್ಟು ಓದಿ ತಿದ್ದಬೇಕಾಯಿತು.

ಸುಳ್ಯ, ಪುತ್ತೂರಿನ ಈ ಭಾಗದಲ್ಲಿ ಕನ್ನಡದ ಜೊತೆ ತುಳು, ಅರೆಭಾಷೆ, ಬ್ಯಾರಿ, ಮಲಯಾಳಂ ಮಾತುಗಳಿವೆ. ಬ್ಯಾರಿ ಸಾಹಿತ್ಯ ಅಕಾಡೆಮಿ ಆದದ್ದು 2009ರಲ್ಲಿ, ಅರೆಭಾಷೆಯದು 2011ರಲ್ಲಿ. ತುಳು-ತಿಗಳಾರಿ ಲಿಪಿ ಯುನಿಕೋಡ್ ಸೇರಿದ್ದು 2024ರಲ್ಲಿ. ಅದಕ್ಕೂ ಮೊದಲಿನ ಎಷ್ಟೋ ಬರಹ, ಜಮಾಅತುಗಳ ಸ್ಮರಣ ಸಂಚಿಕೆ, ಶಾಲೆಗಳ ವಾರ್ಷಿಕ ಸಂಚಿಕೆ, ಹಾಡುಗಳ ಸಂಗ್ರಹ ಕನ್ನಡ ಲಿಪಿಯ ಹಳೆಯ ಫಾಂಟುಗಳಲ್ಲೇ ಇವೆ. ಬರೆದವರಲ್ಲಿ ಹಲವರು ಈಗಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ, ಮಸೀದಿಯ ಕಪಾಟಿನಲ್ಲಿ, ಸಂಘದ ಕಚೇರಿಯಲ್ಲಿ ಹಳೆಯ ಸಿ.ಡಿ., ಫ್ಲಾಪಿ, ಗಣಕಗಳಿದ್ದರೆ ಗುಜರಿಗೆ ಕೊಡುವ ಮೊದಲು ತೆರೆದು ನೋಡಿ. ಕಡತದ ಜೊತೆ ಫಾಂಟನ್ನೂ ಎತ್ತಿಡಿ. ಫಾಂಟ್ ಅಡಕಗೊಳಿಸಿ ಪಿಡಿಎಫ್ ಮಾಡಿ, ಯುನಿಕೋಡಿಗೆ ಪರಿವರ್ತಿಸಿ, ಒಂದು ಮುದ್ರಿತ ಪ್ರತಿಯನ್ನೂ ಇಡಿ. ಪರಿವರ್ತಿಸಿದ ಮೇಲೆ ಊರಿನ ಹೆಸರು, ಹಿರಿಯರ ಹೆಸರು ಸರಿಯಾಗಿವೆಯೇ ಎಂದು ಮನೆಯ ಯಾರಾದರೊಬ್ಬರು ಕೂತು ಓದಲಿ. ಐವರ್ನಾಡಿನ ಆ ಕುಟುಂಬ ಅಷ್ಟನ್ನು ಮಾಡಿತು. ಈಗ ಉಪ್ಪನ ನೆನಪುಗಳನ್ನು ಮೊಮ್ಮಕ್ಕಳು ಮೊಬೈಲಿನಲ್ಲಿ ಓದುತ್ತಿದ್ದಾರೆ.