ಮಧ್ಯಮ ಪುರುಷ ನಿರೂಪಣೆ: ಮುಧೋಳ–ಜಮಖಂಡಿ ಸೀಮೆ

ಕಥೆಯ ಪಾತ್ರವನ್ನು 'ನೀನು' ಅಥವಾ 'ನೀವು' ಎಂದು ಕರೆದು ಕಥೆ ಹೇಳುವ ಕ್ರಮಕ್ಕೆ ಮಧ್ಯಮ ಪುರುಷ ನಿರೂಪಣೆ ಎನ್ನುತ್ತಾರೆ. ಇದರ ಚರಿತ್ರೆಯನ್ನು ಫ್ರಾನ್ಸಿನ ಮಿಶೆಲ್ ಬ್ಯುತೋರ್ 1957ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಶುರು ಮಾಡುವುದು ರೂಢಿ. ಆದರೆ ಕೇಳುಗನನ್ನು ಕರೆದು ಮಾತಾಡುವುದು ಬೇರೆ, ಕೇಳುಗನನ್ನೇ ಕಥೆಯೊಳಗೆ ನಿಲ್ಲಿಸುವುದು ಬೇರೆ. ಇವೆರಡೂ ಆಕರಗಳಲ್ಲಿ ಆಗಾಗ ಕಲಸಿಹೋಗಿವೆ.

ಕನ್ನಡಕ್ಕೆ ಇಲ್ಲೊಂದು ಅನುಕೂಲವಿದೆ. 'ಹೋದನು', 'ಹೋದಳು' ಎಂದೊಡನೆ ಗಂಡೋ ಹೆಣ್ಣೋ ತಿಳಿಯುತ್ತದೆ. 'ನೀನು ಹೋದೆ' ಎಂದರೆ ತಿಳಿಯುವುದಿಲ್ಲ. ಓದುವವರು ಯಾರಾದರೂ ಆ ಜಾಗದಲ್ಲಿ ನಿಲ್ಲಬಹುದು. 'ನೀನು' ಬಂದರೆ ಸಲಿಗೆ ಅಥವಾ ಅಧಿಕಾರ, 'ನೀವು' ಬಂದರೆ ದೂರ ಅಥವಾ ಗೌರವ ಜೊತೆಗೇ ಬರುತ್ತದೆ.

ಮುಧೋಳ–ಜಮಖಂಡಿ ಸೀಮೆಯ ಅತಿ ಹಳೆಯ ಸಾಕ್ಷ್ಯ ಕವಿ ರನ್ನನದು. ಜಂಬುಖಂಡಿ ಎಪ್ಪತ್ತರ ಮುದುವೊಳಲು, ಅಂದರೆ ಇಂದಿನ ಮುಧೋಳ, ಅವನ ಊರು, ಹುಟ್ಟಿದ್ದು 949ರಲ್ಲಿ. 'ಗದಾಯುದ್ಧ'ದಲ್ಲಿ ಅವನು ಚಾಳುಕ್ಯ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಬೆಸೆದ. ಪಂಪ 941ರಲ್ಲೇ ತನ್ನ ಕಾವ್ಯದಲ್ಲಿ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಹೀಗೆ ಒಂದು ಮಾಡಿದ್ದ. ವ್ಯಾಕರಣ ನೋಡಿದರೆ ಇವೆರಡೂ ಪ್ರಥಮ ಪುರುಷದ, ಅಂದರೆ 'ಅವನು', 'ಅವಳು' ಎನ್ನುವ ಕಥನಗಳೇ. ಆದರೂ ಓಲಗದಲ್ಲಿ ಕೂತ ದೊರೆ ಕೇಳುತ್ತಿದ್ದದ್ದು ತನ್ನದೇ ಕಥೆಯನ್ನು. 'ಗದಾಯುದ್ಧ'ದ ಕಾಲ 982 ಎಂದು ಕೆಲವರು, ಸತ್ಯಾಶ್ರಯ ಪಟ್ಟವೇರಿದ 997ರ ನಂತರ ಎಂದು ಇನ್ನು ಕೆಲವರು. ಈ ವಿವಾದ ನಿರೂಪಣೆಯ ವಿಚಾರಕ್ಕೂ ತಟ್ಟುತ್ತದೆ: ಯುವರಾಜನ ಎದುರಿಗಾದರೆ ಭೀಮನ ಗೆಲುವು ಹಾರೈಕೆ, ಚಕ್ರವರ್ತಿಯ ಎದುರಿಗಾದರೆ ಹೊಗಳಿಕೆ.

ಮಹಾಭಾರತದ ಹಿಂದಿನ ಘಟನೆಗಳನ್ನು ರನ್ನ ಸಿಂಹಾವಲೋಕನ ಕ್ರಮದಲ್ಲಿ, ಬಹುಮಟ್ಟಿಗೆ ಪಾತ್ರಗಳ ಬಾಯಲ್ಲೇ ಹೇಳಿಸುತ್ತಾನೆ. ದ್ರೌಪದಿ ಭೀಮನಿಗೆ ಅವನದೇ ಪ್ರತಿಜ್ಞೆಯನ್ನು ನೆನಪಿಸುತ್ತಾಳೆ. ರಣರಂಗದಲ್ಲಿ ದುರ್ಯೋಧನ ಕರ್ಣನ ಶವವನ್ನು ಎದುರಿಟ್ಟುಕೊಂಡು ಅವನೊಡನೆಯೇ ಮಾತಾಡುತ್ತಾನೆ. ಉತ್ತರ ಕೊಡಲಾಗದವನಿಗೆ ಆಡುವ ಆ 'ನೀನು' ಓದುಗನನ್ನು ದುರ್ಯೋಧನನ ಪಕ್ಕಕ್ಕೆ ಎಳೆಯುತ್ತದೆ. ನಾಯಕನ ಪಟ್ಟ ಭೀಮನಿಗಿದ್ದರೂ ಮರುಕ ಸೋತವನ ಕಡೆಗೆ ಹರಿಯಲು ಇದು ದೊಡ್ಡ ಕಾರಣ. ಬಿ.ಎಂ.ಶ್ರೀ. ಈ ಕಾವ್ಯದಿಂದ 'ಗದಾಯುದ್ಧ ನಾಟಕ' ಕಟ್ಟಿದಾಗ ದುರ್ಯೋಧನನನ್ನೇ ದುರಂತನಾಯಕನಾಗಿ ಕಂಡರು.

ರನ್ನನ ನಂತರದ ಶತಮಾನಗಳ ವಚನ, ಕೀರ್ತನೆಗಳಲ್ಲಿ ಸಂಬೋಧನೆ ಹೇರಳ, ಕಥನ ಕಡಿಮೆ. ಕಥೆಗೆ ಹತ್ತಿರವಾದದ್ದು ಸಿಗುವುದು ಬಯಲಾಟದಲ್ಲಿ. ನೆರೆಯ ಕುಲಗೋಡದ ತಮ್ಮಣ್ಣ ಬೆಳೆಸಿದ 'ಶ್ರೀಕೃಷ್ಣ ಪಾರಿಜಾತ' ಈ ಭಾಗದ ಊರೂರಲ್ಲಿ ಮನೆಮಾತು. ಅದರ ಕೊರವಂಜಿ ಕಣಿ ಹೇಳುತ್ತಾಳೆ. ಎದುರಿಗೆ ಕೂತವಳ ಹಿಂದಿನದು, ಮುಂದಿನದು ಎರಡನ್ನೂ ಅವಳಿಗೇ ಕಥೆಯಾಗಿ ಹೇಳುವುದೇ ಕಣಿ. ಕೇಳುವವಳು ಒಪ್ಪಬೇಕು, ಇಲ್ಲವೇ ಅಲ್ಲಗಳೆಯಬೇಕು. ಸುಮ್ಮನೆ ಕೂರಲು ಬಿಡುವುದಿಲ್ಲ. ಮಧ್ಯಮ ಪುರುಷದ ಕಾದಂಬರಿ ಓದುಗನಿಗೆ ಒಡ್ಡುವ ಇಕ್ಕಟ್ಟೂ ಇದೇ. ಹೀಗಾಗಿ ಈ ಪ್ರಕಾರದ ಚರಿತ್ರೆಯಲ್ಲಿ ಕಣಿಗೆ ಈಗ ಸಿಕ್ಕಿರುವುದಕ್ಕಿಂತ ಹೆಚ್ಚಿನ ಜಾಗ ಸಲ್ಲಬೇಕು.

ಈ ಸೀಮೆಯ ಇನ್ನೊಂದು ಸಾಕ್ಷ್ಯ ಲಾವಣಿ. ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿ ಬೇಡರು 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ದಂಗೆ ಎದ್ದರು. ಆ ದಂಗೆಯನ್ನು ಹಾಡುವ ಲಾವಣಿಯನ್ನು ಜೆ.ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದ. ಅಚ್ಚಾದ ಪಾಠದಲ್ಲಿ ಉಳಿದಿರುವುದು ಪ್ರಥಮ ಪುರುಷದ ವರದಿ. ಹಾಡುವಾಗ ಮುಮ್ಮೇಳ ಸಭೆಗೆ ಆಡುವ ಮಾತು, ಹಿಮ್ಮೇಳದ ಓಗೊಡುವಿಕೆ ಕಾಗದದ ಮೇಲೆ ಇಳಿಯುವಂಥವಲ್ಲ. ಲಾವಣಿಯ ನಿರೂಪಣೆಯನ್ನು ಮುದ್ರಿತ ಪಾಠದಿಂದಷ್ಟೇ ನಿರ್ಣಯಿಸಿದ ಬರಹಗಳು ಈ ಕಾರಣಕ್ಕೆ ಅರೆಬರೆ.