ಒಂದು ಪೌಂಡ್‌ಗೆ ಮಾರಾಟವಾದ ಕ್ಲಬ್, ಪಾಸ್ ಆಡಿ ಮೇಲೆ ಬಂದ ಕಥೆ

ಇವತ್ತಿನ ಎಪಿಸೋಡ್ ಫುಟ್‌ಬಾಲ್ ಬಗ್ಗೆ. ಫುಟ್‌ಬಾಲ್ ನೋಡದವರು ದಯವಿಟ್ಟು ಆಫ್ ಮಾಡಬೇಡಿ, ಯಾಕಂದ್ರೆ ಇದರಲ್ಲಿ ಅರ್ಧ ಆಟದ ಕಥೆ, ಇನ್ನರ್ಧ ಷೇರಿನ ಕಥೆ. ಬಿ.ಕಾಂ. ಓದಿದವನ ಕೈಗೆ ಮೈಕ್ ಕೊಟ್ರೆ ಹೀಗೇ ಆಗೋದು.

ಹೈಸ್ಕೂಲಲ್ಲಿ ನನ್ನ ಫ್ರೆಂಡ್ಸ್ ಎಲ್ಲ ಮ್ಯಾಂಚೆಸ್ಟರ್ ಯುನೈಟೆಡ್, ಚೆಲ್ಸಿ, ಆರ್ಸೆನಲ್ ಅಂತ ಹಂಚಿಹೋಗಿದ್ರು. ನಾನು ಹಿಡಿದದ್ದು ಸ್ವಾನ್ಸೀ ಸಿಟಿ. "ಅದ್ಯಾವುದೋ ಅದು?" ಅಂತ ಕೇಳೋರು. 2011ರಲ್ಲಿ ಆ ಕ್ಲಬ್ ಪ್ರೀಮಿಯರ್ ಲೀಗ್‌ಗೆ ಬಂದಾಗ ಇಂಗ್ಲೆಂಡಿನಲ್ಲೂ ಬಹಳ ಜನ ಅದನ್ನೇ ಕೇಳ್ತಿದ್ರು. ಶನಿವಾರ ರಾತ್ರಿ ಏಳೂವರೆಗೋ ಎಂಟೂವರೆಗೋ ಮ್ಯಾಚು, ಅಮ್ಮನ ಕೈಯಿಂದ ರಿಮೋಟ್ ಬಿಡಿಸಿಕೊಂಡು ನೋಡಿದ್ದು ಅಷ್ಟಿಷ್ಟು. ಆದ್ರೆ ಆ ಬಿಳಿ ಜೆರ್ಸಿಯವರು ಆಡ್ತಿದ್ದ ರೀತಿ ಕಣ್ಣಿಗೆ ಅಂಟಿಕೊಂಡುಬಿಡ್ತು. ದುಡ್ಡಿಲ್ಲದ ಕ್ಲಬ್ಬು ಇಷ್ಟು ಧೈರ್ಯವಾಗಿ ಹೇಗೆ ಆಡುತ್ತೆ? ಆಮೇಲೆ ಕಾಮರ್ಸ್ ಓದುವಾಗ ಇನ್ನೊಂದು ಪ್ರಶ್ನೆ ಹುಟ್ಟಿತು: ಆ ಧೈರ್ಯದ ಲಾಭ ಕೊನೆಗೆ ಯಾರ ಜೇಬಿಗೆ ಹೋಯ್ತು?

ಮೊದಲು ಊರು. ಸ್ವಾನ್ಸೀ ಇರೋದು ಇಂಗ್ಲೆಂಡಲ್ಲಿ ಅಲ್ಲ, ವೇಲ್ಸ್‌ನ ದಕ್ಷಿಣ ಕರಾವಳಿಯಲ್ಲಿ. 19ನೇ ಶತಮಾನದಲ್ಲಿ ಜಗತ್ತಿನ ತಾಮ್ರ ಕರಗಿಸುವ ದೊಡ್ಡ ಕೇಂದ್ರ ಅದು. ಆ ಕುಲುಮೆಗಳು ಆರಿಹೋಗಿ ಎಷ್ಟೋ ಕಾಲವಾಯ್ತು. ಆ ಸೀಮೆಯಲ್ಲಿ ರಗ್ಬಿಗೆ ಮೊದಲ ಮಣೆ. ಫುಟ್‌ಬಾಲ್ ಕ್ಲಬ್ ಶುರುವಾಗಿದ್ದು 1912ರಲ್ಲಿ, ವೇಲ್ಸ್‌ನದ್ದಾದರೂ ಇಂಗ್ಲಿಷ್ ಲೀಗ್‌ಗಳಲ್ಲಿ ಆಡುತ್ತೆ.

ಐಪಿಎಲ್ ನೋಡಿ ಬೆಳೆದ ನಮಗೆ ಒಂದು ವಿಷಯ ಬಿಡಿಸಿ ಹೇಳಬೇಕು. ನಮ್ಮ ಆರ್‌ಸಿಬಿ ಕೊನೇ ಸ್ಥಾನಕ್ಕೆ ಬಂದ್ರೂ ಮುಂದಿನ ವರ್ಷ ಐಪಿಎಲ್‌ನಲ್ಲೇ ಇರುತ್ತೆ. ಇಂಗ್ಲೆಂಡಲ್ಲಿ ಹಾಗಿಲ್ಲ. ಅಲ್ಲಿ ಒಂದರ ಕೆಳಗೊಂದು ನಾಲ್ಕು ಡಿವಿಷನ್, ಒಟ್ಟು 92 ಕ್ಲಬ್. ಮೇಲೆ ಬಂದವರಿಗೆ ಬಡ್ತಿ, ಕೆಳಗೆ ಉಳಿದವರಿಗೆ ಹಿಂಬಡ್ತಿ. ನಾಲ್ಕನೇ ಡಿವಿಷನ್‌ನಿಂದಲೂ ಬಿದ್ದರೆ ಆ 92ರ ಪಟ್ಟಿಯಿಂದಲೇ ಔಟ್. ಟಿವಿ ದುಡ್ಡು, ಸ್ಪಾನ್ಸರ್, ಪ್ರೇಕ್ಷಕರು ಎಲ್ಲ ಒಟ್ಟಿಗೆ ಇಳಿದುಹೋಗ್ತವೆ.

ಈ ಏಣಿಯನ್ನ ಸ್ವಾನ್ಸೀ ಒಮ್ಮೆ ಓಡೋಡಿ ಹತ್ತಿತ್ತು. 1978ರಲ್ಲಿ ಲಿವರ್‌ಪೂಲ್‌ನ ಮಾಜಿ ಸ್ಟಾರ್ ಜಾನ್ ಟೊಶಾಕ್ ಆಟಗಾರನೂ ಹೌದು, ಮ್ಯಾನೇಜರೂ ಹೌದು ಅಂತ ಬಂದ್ರು. ಆಗ ಕ್ಲಬ್ ಇದ್ದದ್ದು ನಾಲ್ಕನೇ ಡಿವಿಷನ್‌ನಲ್ಲಿ. 1981ಕ್ಕೆ ಮೊದಲನೇ ಡಿವಿಷನ್! ಅಲ್ಲಿ ಮೊದಲ ವರ್ಷವೇ ಆರನೇ ಸ್ಥಾನ. ಆದ್ರೆ ಖರ್ಚು ಆದಾಯಕ್ಕಿಂತ ಬೇಗ ಓಡಿತ್ತು. 1985ರ ಕೊನೆಗೆ ಕ್ಲಬ್ ಮುಚ್ಚಲು ಕೋರ್ಟ್ ಆದೇಶವೇ ಆಯ್ತು, ಹೇಗೋ ಉಳೀತು. 1986ಕ್ಕೆ ಮತ್ತೆ ನಾಲ್ಕನೇ ಡಿವಿಷನ್. ಸಾಲ ಮಾಡಿ ಹತ್ತಿದ ಏಣಿ ಅಷ್ಟೇ ಬೇಗ ಕೆಳಗಿಳಿಸ್ತು.

ಈಗ 2001ಕ್ಕೆ ಬನ್ನಿ. ಕ್ಲಬ್‌ಗೆ ಎಷ್ಟು ಸಾಲ ಇತ್ತು ಅಂದ್ರೆ, ಅದು ಮಾರಾಟವಾಗಿದ್ದು ಒಂದು ಪೌಂಡ್‌ಗೆ. ಹೌದು, ಒಂದೇ ಪೌಂಡ್. ಬ್ಯಾಲೆನ್ಸ್ ಶೀಟ್ ಓದಿದವರಿಗೆ ಇದು ಅರ್ಥವಾಗುತ್ತೆ: ಸಾಲವೂ ಜೊತೆಗೇ ಬರೋದ್ರಿಂದ ಬೆಲೆ ನಾಮಕಾವಾಸ್ತೆ. ಕೊಂಡವರ ಹೆಸರು ಟೋನಿ ಪೆಟ್ಟಿ. ಕನ್ನಡದಲ್ಲಿ ಕೇಳಿದ್ರೆ ನಗು ಬರುತ್ತೆ, ಸ್ವಾನ್ಸೀಯವರಿಗೆ ಮಾತ್ರ ಅದು ಪೆಟ್ಟೇ ಆಯ್ತು. ಬಂದ ಕೂಡಲೇ ಏಳು ಆಟಗಾರರ ಕಾಂಟ್ರಾಕ್ಟ್ ರದ್ದು ಮಾಡೋಕೆ ಹೊರಟರು, ಇನ್ನು ಕೆಲವರಿಗೆ ಸಂಬಳ ಇಳಿಸಿ ಅಂದ್ರು. ಊರು ರೊಚ್ಚಿಗೆದ್ದಿತು.

ಆಗ ಅಭಿಮಾನಿಗಳು ಮಾಡಿದ ಕೆಲಸ ಈ ಕಥೆಗೆ ಬುನಾದಿ. ಬರೀ ಘೋಷಣೆ ಕೂಗಿ ಮನೆಗೆ ಹೋಗಲಿಲ್ಲ, ಸಪೋರ್ಟರ್ಸ್ ಟ್ರಸ್ಟ್ ಅಂತ ಒಂದು ಸಂಸ್ಥೆ ಕಟ್ಟಿದ್ರು. ಸದಸ್ಯತ್ವ, ಚಂದಾ, ಮೀಟಿಂಗ್. 2002ರ ಜನವರಿಯಲ್ಲಿ ಊರಿನ ಕೆಲವು ವ್ಯಾಪಾರಸ್ಥರು ಮತ್ತು ಈ ಟ್ರಸ್ಟ್ ಸೇರಿ ಪೆಟ್ಟಿಯಿಂದ ಕ್ಲಬ್ ಬಿಡಿಸಿಕೊಂಡ್ರು. ಆ ವ್ಯಾಪಾರಸ್ಥರೂ ಅಭಿಮಾನಿಗಳೇ. ಅವರಲ್ಲೊಬ್ಬರಾದ ಹ್ಯೂ ಜೆಂಕಿನ್ಸ್ ಚೇರ್ಮನ್ ಆದ್ರು. ಟ್ರಸ್ಟ್‌ನ ಪಾಲು ಸುಮಾರು ಐದನೇ ಒಂದು ಭಾಗ, ಜೊತೆಗೆ ಬೋರ್ಡಲ್ಲಿ ಒಂದು ಕುರ್ಚಿ. ಟಿಕೆಟ್ ತಗೊಂಡು ಮ್ಯಾಚ್ ನೋಡುವವರು ಲೆಕ್ಕಪತ್ರವನ್ನೂ ನೋಡುವ ಹಾಗಾಯ್ತು.

ಮಾಲೀಕತ್ವ ಬದಲಾದ ಮಾತ್ರಕ್ಕೆ ಗೋಲು ಬೀಳುತ್ತಾ? ಇಲ್ಲ. 2003ರ ಮೇ 3. ಹಳೇ ವೆಚ್ ಫೀಲ್ಡ್ ಮೈದಾನ, ಸೀಸನ್‌ನ ಕೊನೇ ದಿನ, ಎದುರಾಳಿ ಹಲ್ ಸಿಟಿ. ಸೋತರೆ 92ರ ಪಟ್ಟಿಯಿಂದ ಹೊರಗೆ ಬೀಳುವ ಸ್ಥಿತಿ. ಸ್ವಾನ್ಸೀ 1-2 ಹಿಂದೆ ಬಿತ್ತು. ಆಮೇಲೆ ತಿರುಗಿಬಿದ್ದು 4-2ರಿಂದ ಗೆದ್ದಿತು. ಊರಿನ ಹುಡುಗ ಜೇಮ್ಸ್ ಥಾಮಸ್ ಹ್ಯಾಟ್ರಿಕ್, ಅದರಲ್ಲಿ ಎರಡು ಪೆನಾಲ್ಟಿ. ಒಂದೇ ಒಂದು ಪಾಯಿಂಟ್ ಅಂತರದಲ್ಲಿ ಸ್ವಾನ್ಸೀ ಉಳೀತು, ಎಕ್ಸೆಟರ್ ಸಿಟಿ ಬಿತ್ತು. ಆ ದಿನ ಮಿಡ್‌ಫೀಲ್ಡ್‌ನಲ್ಲಿ ವೆಸ್ಟ್ ಹ್ಯಾಮ್‌ನಿಂದ ಎರವಲು ಬಂದಿದ್ದ ಒಬ್ಬ ಗಿಡ್ಡ ಹುಡುಗ ಇದ್ದ, ಲಿಯಾನ್ ಬ್ರಿಟನ್. ಹೆಸರು ನೆನಪಿಟ್ಟುಕೊಳ್ಳಿ.

2005ರಲ್ಲಿ ಒಂದು ಬಡ್ತಿ, ಹೊಸ ಸ್ಟೇಡಿಯಂ. ಅದನ್ನ ಕಟ್ಟಿಸಿದ್ದು ನಗರಸಭೆ. ಓಸ್ಪ್ರೇಸ್ ಅನ್ನೋ ರಗ್ಬಿ ತಂಡದ ಜೊತೆ ಹಂಚಿಕೊಂಡ ಮೈದಾನ. ಸ್ಟೇಡಿಯಂ ಕಟ್ಟೋ ಸಾಲ ಕ್ಲಬ್‌ನ ತಲೆ ಮೇಲೆ ಬರಲಿಲ್ಲ, ಇದು ದೊಡ್ಡ ಪುಣ್ಯ.

2007ರ ಫೆಬ್ರವರಿಯಲ್ಲಿ ರಾಬರ್ಟೊ ಮಾರ್ಟಿನೆಜ್ ಮ್ಯಾನೇಜರ್ ಆದ್ರು. ಸ್ಪೇನ್‌ನವರು, ಸ್ವಾನ್ಸೀಗೆ ಆಡಿದ್ದವರು. ಅಲ್ಲಿಂದ ಆಟದ ರೀತಿ ಬದಲಾಯ್ತು. ಕೆಳಗಿನ ಡಿವಿಷನ್‌ಗಳಲ್ಲಿ ಸಾಮಾನ್ಯವಾಗಿ ಗೋಲ್‌ಕೀಪರ್ ಚೆಂಡನ್ನ ಎತ್ತಿ ಒದೀತಾನೆ, ಆ ಕಡೆ ಒಬ್ಬ ಆರಡಿ ಆಳು ತಲೆ ಕೊಡ್ತಾನೆ, ಮಿಕ್ಕಿದ್ದು ದೇವರಿಚ್ಛೆ. ಸ್ವಾನ್ಸೀ ಉಲ್ಟಾ ಮಾಡಿತು. ಕೀಪರ್‌ನಿಂದ ಡಿಫೆಂಡರ್‌ಗೆ ಸಣ್ಣ ಪಾಸ್, ಅಲ್ಲಿಂದ ಮಿಡ್‌ಫೀಲ್ಡರ್‌ಗೆ, ಮತ್ತೆ ಹಿಂದಕ್ಕೆ, ಮತ್ತೆ ಪಕ್ಕಕ್ಕೆ. ನೋಡೋಕೆ ಚೆಂದ, ಎದೆ ಮಾತ್ರ ಡವಡವ. ಪತ್ರಿಕೆಗಳು ಬಾರ್ಸಿಲೋನಾ ಹೆಸರು ಬೆರೆಸಿ 'ಸ್ವಾನ್ಸಲೋನಾ' ಅಂತ ಕರೆದವು.

ದುಡ್ಡಿಲ್ಲದವರಿಗೆ ಈ ಶೋಕಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ನನ್ನ ಲೆಕ್ಕದಲ್ಲಿ ಇದು ಶೋಕಿಗಿಂತ ಹೆಚ್ಚಾಗಿ ಕಾಸ್ಟ್ ಅಕೌಂಟಿಂಗ್. ಮೂರು ಕಾರಣ ಹೇಳ್ತೀನಿ.

ಒಂದು, ಮಾರ್ಕೆಟ್ ರೇಟು. ಎತ್ತರ, ವೇಗ, ಗೋಲು ಇವಕ್ಕೆ ಎಲ್ಲರೂ ಬಿಡ್ ಮಾಡ್ತಾರೆ. ಐದೂವರೆ ಅಡಿ ಎತ್ತರದ, ಪಾಸ್ ತಪ್ಪದ ಹುಡುಗನನ್ನ ಆಗ ಯಾರೂ ಕೇಳ್ತಿರಲಿಲ್ಲ. ಅದಕ್ಕೇ ಬ್ರಿಟನ್ ಸಿಕ್ಕಿದ್ದು. ರೈಟ್ ಬ್ಯಾಕ್ ಏಂಜೆಲ್ ರಾಂಗೆಲ್ ಬಂದಿದ್ದು ಸ್ಪೇನ್‌ನ ಕೆಳಗಿನ ಡಿವಿಷನ್‌ನಿಂದ. ಡಿಫೆಂಡರ್ ಆ್ಯಶ್ಲಿ ವಿಲಿಯಮ್ಸ್ ಬಂದಿದ್ದು ಸ್ಟಾಕ್‌ಪೋರ್ಟ್‌ನಿಂದ. ಜೋ ಆ್ಯಲನ್ ಕ್ಲಬ್‌ನದ್ದೇ ಅಕಾಡೆಮಿಯ ಹುಡುಗ.

ಎರಡು, ದಣಿವು. ಚೆಂಡು ನಮ್ಮ ಹತ್ರ ಇದ್ರೆ ಓಡಬೇಕಾದವನು ಎದುರಾಳಿ. ಬೆಂಚಲ್ಲಿ ಹೆಚ್ಚು ಆಟಗಾರರಿಲ್ಲದ ಕ್ಲಬ್‌ಗೆ ಇದೇ ಉಳಿತಾಯ.

ಮೂರು, ಮ್ಯಾನೇಜರ್ ಹೋದಾಗ ಆಗುವ ಖರ್ಚು. ಹೊಸ ಬಾಡಿಗೆದಾರ ಬಂದಾಗಲೆಲ್ಲ ಗೋಡೆ ಒಡೆದು ಕಟ್ಟಿಸಿದ್ರೆ ಯಾವ ಓನರ್‌ಗೆ ಪೂರೈಸುತ್ತೆ? 2009ರಲ್ಲಿ ಮಾರ್ಟಿನೆಜ್ ವಿಗನ್‌ಗೆ ಹೋದ್ರು. ಆಮೇಲೆ ಪಾವ್ಲೊ ಸೋಸಾ, 2010ರಲ್ಲಿ ಬ್ರೆಂಡನ್ ರಾಜರ್ಸ್, 2012ರಲ್ಲಿ ಮೈಕೆಲ್ ಲಾಡ್ರಪ್. ಒಬ್ಬೊಬ್ಬರ ಒತ್ತು ಬೇರೆ, ಸೋಸಾ ಕಾಲದಲ್ಲಿ ಗೋಲು ಕಡಿಮೆ. ಆದ್ರೂ ಪಾಸ್ ಆಡುವ ಬುನಾದಿಯನ್ನ ಯಾರೂ ಅಗೆಯಲಿಲ್ಲ. ಹಾಗಾಗಿ ಪ್ರತಿ ಸಲ ಇಡೀ ತಂಡ ಬದಲಿಸುವ ಖರ್ಚು ಬೀಳಲಿಲ್ಲ.

2011ರ ಮೇ 30, ವೆಂಬ್ಲಿ. ಪ್ರೀಮಿಯರ್ ಲೀಗ್‌ಗೆ ಕೊನೇ ಟಿಕೆಟ್ ಯಾರಿಗೆ ಅನ್ನೋ ಪ್ಲೇಆಫ್ ಫೈನಲ್. ಎದುರು ರೆಡಿಂಗ್. ಸ್ಕೋರ್ ಏನು ಗೊತ್ತಾ? 4-2. ಸ್ಕಾಟ್ ಸಿಂಕ್ಲೇರ್ ಹ್ಯಾಟ್ರಿಕ್, ಅದರಲ್ಲಿ ಎರಡು ಪೆನಾಲ್ಟಿ. ಎಂಟು ವರ್ಷದ ಹಿಂದೆ ಲೀಗ್‌ನಿಂದ ಹೊರಗೆ ಬೀಳದ ಹಾಗೆ ಕಾಪಾಡಿದ ಅದೇ ಸ್ಕೋರು, ಅದೇ ಲೆಕ್ಕ. ಸಿನಿಮಾದಲ್ಲಿ ತೋರಿಸಿದ್ರೆ ನಂಬಲ್ಲ. ಪ್ರೀಮಿಯರ್ ಲೀಗ್ ಸೇರಿದ ಮೊದಲ ವೇಲ್ಸ್ ಕ್ಲಬ್ ಸ್ವಾನ್ಸೀ.

ಮೊದಲ ಮ್ಯಾಚೇ ಮ್ಯಾಂಚೆಸ್ಟರ್ ಸಿಟಿ ಎದುರು. ಸರ್ಜಿಯೊ ಅಗ್ವೆರೊ ಸಿಟಿಗೆ ಆಡಿದ ಮೊದಲ ಮ್ಯಾಚೂ ಅದೇ. ಆ ಬೇಸಿಗೆಯಲ್ಲಿ ಸ್ವಾನ್ಸೀ ಕೊಂಡ ಅತಿ ದುಬಾರಿ ಆಟಗಾರ ಡ್ಯಾನಿ ಗ್ರಹಾಂ. ಅಗ್ವೆರೊ ಬೆಲೆ ಅವರ ಬೆಲೆಯ ಸುಮಾರು ಹತ್ತು ಪಟ್ಟು. ಬೆಂಚಿಂದ ಎದ್ದು ಬಂದು ಅಗ್ವೆರೊ ಎರಡು ಗೋಲು ಹೊಡೆದ್ರು, 4-0. ಮೊದಲ ನಾಲ್ಕು ಲೀಗ್ ಮ್ಯಾಚಲ್ಲಿ ಸ್ವಾನ್ಸೀಗೆ ಒಂದು ಗೋಲೂ ಇಲ್ಲ. ನಾಲ್ಕನೇದು ಆರ್ಸೆನಲ್ ಎದುರು: ಹಿಂದಿನಿಂದ ಆಟ ಕಟ್ಟೋಕೆ ಹೋಗಿ ಕೀಪರ್ ಮೈಕೆಲ್ ವೋರ್ಮ್ ಎಸೆದ ಚೆಂಡು ತಮ್ಮದೇ ಡಿಫೆಂಡರ್‌ಗೆ ಬಡಿದು, ಅರ್ಷಾವಿನ್ ಗೋಲು ಹೊಡೆದು, 1-0 ಸೋಲು.

ಇಂಥಾ ಗೋಲು ಬಿಟ್ಟುಕೊಟ್ಟ ಮೇಲೆ "ಸಾಕಪ್ಪ, ಎತ್ತಿ ಒದಿರಿ" ಅನ್ನೋದು ಸುಲಭ. ಸ್ವಾನ್ಸೀ ಅನ್ನಲಿಲ್ಲ. ನನಗೆ ಈ ಕ್ಲಬ್ ಇಷ್ಟವಾಗೋಕೆ ಅದೇ ಕಾರಣ. ಜನವರಿಯಲ್ಲಿ ಅದೇ ಆರ್ಸೆನಲ್‌ನ 3-2ರಿಂದ, ಮಾರ್ಚ್‌ನಲ್ಲಿ ಅದೇ ಸಿಟಿಯನ್ನ 1-0ಯಿಂದ ಸೋಲಿಸಿದ್ರು. ಆ ವರ್ಷ ಚಾಂಪಿಯನ್ ಆಗಿದ್ದು ಸಿಟಿಯೇ. ಸ್ವಾನ್ಸೀ 11ನೇ ಸ್ಥಾನ.

ಆ ಬೇಸಿಗೆಯಲ್ಲಿ ರಾಜರ್ಸ್ ಲಿವರ್‌ಪೂಲ್‌ಗೆ ಹೋದ್ರು, ಹಿಂದೆಯೇ ಜೋ ಆ್ಯಲನ್ 1.5 ಕೋಟಿ ಪೌಂಡ್‌ಗೆ. ಕ್ಲಬ್ ಮಾತ್ರ 20 ಲಕ್ಷ ಪೌಂಡ್ ಕೊಟ್ಟು ರಾಯೊ ವಯೆಕಾನೊ ಕ್ಲಬ್‌ನಿಂದ ಮಿಚು ಅನ್ನೋ ಆಟಗಾರನನ್ನ ತಂತು. ಲೀಗ್‌ನಲ್ಲೇ 18 ಗೋಲು! 2013ರ ಫೆಬ್ರವರಿ 24ರಂದು ಲೀಗ್ ಕಪ್ ಫೈನಲ್‌ನಲ್ಲಿ ಬ್ರಾಡ್‌ಫರ್ಡ್ ಸಿಟಿ ಎದುರು 5-0 ಗೆಲುವು. ಶತಮಾನೋತ್ಸವದ ಸೀಸನ್‌ನಲ್ಲಿ ಮೊದಲ ದೊಡ್ಡ ಇಂಗ್ಲಿಷ್ ಕಪ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯೂರೋಪಾ ಲೀಗ್, ವೆಲೆನ್ಸಿಯಾವನ್ನ ಅವರ ಮನೆಯಲ್ಲೇ 3-0. ಹತ್ತು ವರ್ಷದ ಹಿಂದೆ ಹಲ್ ಸಿಟಿ ಎದುರು ನಡುಗ್ತಿದ್ದ ಕ್ಲಬ್ ಇದು.

ಇಲ್ಲಿಗೆ ನಿಲ್ಲಿಸಿದ್ರೆ ಖುಷಿಯಾಗಿ ಮಲಗಬಹುದು. ಆದ್ರೆ ಲೆಕ್ಕ ಇನ್ನೂ ಮುಗಿದಿಲ್ಲ.

2016ರ ಜುಲೈನಲ್ಲಿ ಸ್ಟೀವ್ ಕ್ಯಾಪ್ಲನ್, ಜೇಸನ್ ಲೆವಿಯನ್ ಮುಂದಾಳತ್ವದ ಅಮೆರಿಕನ್ ಹೂಡಿಕೆದಾರರು ಕ್ಲಬ್‌ನ 68% ಷೇರು ಕೊಂಡ್ರು. ಇಡೀ ಕ್ಲಬ್‌ನ ಬೆಲೆ ಸುಮಾರು 11 ಕೋಟಿ ಪೌಂಡ್ ಅಂತ ಆಗ ವರದಿಯಾಯ್ತು. ಒಂದು ಪೌಂಡ್‌ನಿಂದ 11 ಕೋಟಿ, ಹದಿನೈದೇ ವರ್ಷದಲ್ಲಿ. ಷೇರು ಮಾರಿದವರು 2002ರಲ್ಲಿ ಕ್ಲಬ್ ಉಳಿಸಿದ ಅದೇ ವ್ಯಾಪಾರಸ್ಥರು. ಅವರು ಕಷ್ಟಕಾಲದಲ್ಲಿ ಸ್ವಂತ ದುಡ್ಡು ಹಾಕಿದ್ರು ಅನ್ನೋದೂ ನಿಜ, ಲಾಭ ತಗೊಳ್ಳೋ ಹಕ್ಕು ಅವರಿಗಿತ್ತು ಅನ್ನೋದೂ ನಿಜ. ತಕರಾರು ಬೇರೆ ಕಡೆ ಇತ್ತು: ಮಾರಾಟದ ಮಾತುಕತೆಯಲ್ಲಿ ನಮ್ಮನ್ನ ಹೊರಗಿಟ್ರು ಅಂತ ಟ್ರಸ್ಟ್ ಹೇಳಿತು. ಅದರ ಕೈಯಲ್ಲಿದ್ದ 21% ಷೇರು ಆ ಬೆಲೆಯಲ್ಲಿ 2 ಕೋಟಿ ಪೌಂಡ್‌ಗೂ ಹೆಚ್ಚು ಬಾಳುತ್ತಿತ್ತು. ಅದು ಮಾರಾಟವಾಗದೆ ಹಾಗೇ ಉಳೀತು.

ಕಾಮರ್ಸ್ ಹುಡುಗರೇ, ಹುಡುಗಿಯರೇ, ಇಲ್ಲಿ ಗಮನ ಕೊಡಿ. ಬ್ರಿಟನ್‌ನಲ್ಲಿ ಕಂಪನಿಯ ವಿಶೇಷ ನಿರ್ಣಯಕ್ಕೆ 75% ಮತ ಬೇಕು. ನಮ್ಮ ಕಂಪನಿ ಕಾಯ್ದೆಯಲ್ಲೂ ಅಷ್ಟೇ. ಅಂದ್ರೆ 25%ಗಿಂತ ಸ್ವಲ್ಪ ಹೆಚ್ಚು ಷೇರಿದ್ರೆ ದೊಡ್ಡ ನಿರ್ಣಯಗಳನ್ನ ತಡೆಯಬಹುದು. ಟ್ರಸ್ಟ್ ಹತ್ರ ಇದ್ದದ್ದು 21. ನಾಲ್ಕು ಪರ್ಸೆಂಟ್ ಕೊರತೆ. ಬೋರ್ಡಲ್ಲಿ ಕೂತು ಮಾತಾಡಬಹುದು, "ಬೇಡ" ಅಂದ್ರೆ ನಡೆಯಲ್ಲ. ಇಂಥಾ ಷೇರುದಾರನ ರಕ್ಷಣೆ ಇರೋದು ಒಳ್ಳೇ ದಿನಗಳಲ್ಲೇ ಬರೆಸಿಟ್ಟುಕೊಂಡ ಗಟ್ಟಿ ಒಪ್ಪಂದದಲ್ಲಿ. ಜಗಳ ಹಲವು ವರ್ಷ ಎಳೆದು, ಕೊನೆಗೆ ಕೋರ್ಟಿನ ಹೊರಗೆ ರಾಜಿಯಾಯ್ತು.

ಮೈದಾನದಲ್ಲಿ ಏನಾಯ್ತು? ನ್ಯಾಯವಾಗಿ ಹೇಳ್ಬೇಕು, ಜಾರು ಮಾರಾಟಕ್ಕೆ ಮೊದಲೇ ಶುರುವಾಗಿತ್ತು. 2015ರ ಡಿಸೆಂಬರ್‌ನಲ್ಲೇ ಹಳೇ ಕ್ಯಾಪ್ಟನ್, ಆಗಿನ ಮ್ಯಾನೇಜರ್ ಗ್ಯಾರಿ ಮಂಕ್ ಕೆಲಸ ಕಳ್ಕೊಂಡಿದ್ರು. ಮಾರಾಟದ ನಂತರ ಎರಡು ಸೀಸನ್‌ನಲ್ಲಿ ಗ್ವಿಡೊಲಿನ್, ಬ್ರ್ಯಾಡ್ಲಿ, ಕ್ಲೆಮೆಂಟ್, ಕಾರ್ವಾಲ್ಯಾಲ್, ನಾಲ್ಕು ಮ್ಯಾನೇಜರ್‌ಗಳು. ಅದೇ ಗೋಡೆ ಒಡೆದು ಕಟ್ಟೋ ಕೆಲಸ. ಪಾಸ್ ಆಟ ಮಸುಕಾಯ್ತು. 2018ರ ಮೇನಲ್ಲಿ ಏಳು ವರ್ಷದ ಪ್ರೀಮಿಯರ್ ಲೀಗ್ ವಾಸ ಮುಗೀತು. ಲಿಯಾನ್ ಬ್ರಿಟನ್ ನಿವೃತ್ತಿಯೂ ಅದೇ ತಿಂಗಳು.

ನನಗೆ ಇದರಲ್ಲಿ ಎರಡು ವಿಷಯ ಕಾಣುತ್ತೆ. ಮೊದಲನೇದು, ಕಡಿಮೆ ಬಜೆಟ್ ಅಂದ್ರೆ ಅಂಜಿಕೊಂಡು ಆಡಬೇಕು ಅಂತೇನಿಲ್ಲ. ಮಾರ್ಕೆಟ್ ಬೆಲೆ ಕಟ್ಟದ ಗುಣವನ್ನ ಗುರುತಿಸಿ, ಹತ್ತು ವರ್ಷ ಅದನ್ನೇ ಪಟ್ಟಾಗಿ ಹಿಡಿದ್ರೆ ದೊಡ್ಡವರನ್ನೂ ಓಡಾಡಿಸಬಹುದು. ಎರಡನೇದು, ಆ ಪಟ್ಟು ಉಳಿಯೋದು ಮ್ಯಾನೇಜರ್‌ನಿಂದ ಅಲ್ಲ, ಮ್ಯಾನೇಜರ್‌ನ ಆರಿಸುವವರಿಂದ. 4-0 ಸೋತ ಮೇಲೂ ತಾಳ್ಮೆ ಇಟ್ಟುಕೊಂಡ ಬೋರ್ಡಲ್ಲಿ ವೆಚ್ ಫೀಲ್ಡ್‌ನಲ್ಲಿ ನಿಂತು ಅತ್ತವರಿದ್ರು.

ಕಂಠೀರವದಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಜೊತೆ ನಿಂತು ಬೆಂಗಳೂರು ಎಫ್‌ಸಿಗೆ ಗಂಟಲು ಹರ್ಕೊಳ್ಳುವಾಗ ನನಗೆ ಈ ಕಥೆ ನೆನಪಾಗುತ್ತೆ. ನಮ್ಮ ದನಿ ಅಲ್ಲಿದೆ, ಟಿಕೆಟ್ ದುಡ್ಡು ಅಲ್ಲಿದೆ, ಷೇರಿಲ್ಲ. ಷೇರಿದ್ದ ಸ್ವಾನ್ಸೀಯವರಿಗೇ ನಾಲ್ಕು ಪರ್ಸೆಂಟ್ ಸಾಲದೆ ಹೋಯ್ತು. ಆದ್ರೂ ಅವರು ಸುಮಾರು ಹದಿನಾಲ್ಕು ವರ್ಷ ತಮ್ಮ ಕ್ಲಬ್‌ನ ಬೋರ್ಡ್ ರೂಮಲ್ಲಿ ಕೂತು ಲೆಕ್ಕ ಕೇಳಿದ್ರು, ಕ್ಲಬ್ ಅತ್ಯಂತ ಚೆಂದ ಆಡಿದ್ದೂ ಅದೇ ವರ್ಷಗಳಲ್ಲಿ.

ನಿಮ್ಮ ಟೀಮ್‌ನಲ್ಲಿ ನಿಮಗೆ ಒಂದು ಮತ ಇದ್ರೆ ಯಾವ ನಿರ್ಣಯಕ್ಕೆ "ಬೇಡ" ಅಂತಿದ್ರಿ? ವಾಯ್ಸ್ ನೋಟ್ ಕಳಿಸಿ, ಒಳ್ಳೇವನ್ನ ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಸಿಗೋಣ, ನಮಸ್ಕಾರ.